ಒಂದು ವರ್ಷ ಕೈಯಲ್ಲಿದ್ದ ಹೆಜ್ಜೆ ಎಣಿಸುವ ಬ್ಯಾಂಡ್: ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು

ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಎಷ್ಟು ನಡೆಯುತ್ತೇನೆ ಅಂತ ತಿಳಿಯಬೇಕು ಅನ್ನುವವರು ಈ ಬ್ಯಾಂಡ್ ಧೈರ್ಯವಾಗಿ ಕೊಳ್ಳಿ. ಕಟ್ಟಿಕೊಂಡರೆ ತೂಕ ಇಳಿಯುತ್ತದೆ ಅನ್ನುವ ಆಸೆ ಇರುವವರು ಸ್ವಲ್ಪ ನಿಲ್ಲಿ, ಇದನ್ನು ಪೂರ್ತಿ ಓದಿ. ಅದು ತೋರಿಸುವ ಕ್ಯಾಲೊರಿ ಲೆಕ್ಕವನ್ನು ಮಾತ್ರ ಯಾರೂ ನಂಬಬೇಡಿ. ನಾನು ನಂಬಿದೆ, ಎರಡು ತಿಂಗಳು ಹಾಳಾಯಿತು.

ಕಂಪನಿಯ ಹೆಸರು ಹಾಕುತ್ತಿಲ್ಲ. ನಾನು ಹೇಳುವ ಒಳ್ಳೆಯದು, ಕೆಟ್ಟದ್ದು ಎರಡೂ ಈ ಬಗೆಯ ಹೆಚ್ಚುಕಡಿಮೆ ಎಲ್ಲ ಬ್ಯಾಂಡ್‌ಗಳಿಗೂ ಹೊಂದುತ್ತವೆ. ಬೆರಳಗಲದ ಪರದೆ, ರಬ್ಬರಿನಂಥ ಪಟ್ಟಿ, ಚರ್ಮಕ್ಕೆ ತಾಗುವ ಕಡೆ ಮಿನುಗುವ ಹಸಿರು ದೀಪ, ಫೋನಿನಲ್ಲಿ ಒಂದು ಆ್ಯಪ್. ಇಷ್ಟೇ ಸಾಮಾನು.

ಕೊಂಡಿದ್ದು ಯಾಕೆ ಅಂದರೆ, ನಗರದ ಕೆಲಸಕ್ಕೆ ಬಂದು ಆರು ವರ್ಷ ಆಗಿತ್ತು, ಅಷ್ಟರಲ್ಲಿ 11 ಕಿಲೋ ಏರಿದ್ದೆ. ಒಂದೇ ಸಲಕ್ಕೆ ಏರಿದ್ದರೆ ಕಣ್ಣಿಗೆ ಬೀಳುತ್ತಿತ್ತೇನೋ. ವರ್ಷಕ್ಕೆ ಎರಡು ಕಿಲೋಗೂ ಕಡಿಮೆ ಏರಿದರೆ ಯಾರಿಗೆ ಗೊತ್ತಾಗುತ್ತದೆ? ಬೆಲ್ಟಿನಲ್ಲಿ ಒಂದು ತೂತು ಈಚೆಗೆ ಬಂದೆ, ಮುಂದಿನ ವರ್ಷ ಇನ್ನೊಂದು, ಆಮೇಲೆ ಬೆಲ್ಟೇ ಬೇರೆ ಬಂತು. ಊಟ ಜಾಸ್ತಿ ಮಾಡಿರಲಿಲ್ಲ, ಅದು ನನಗೆ ಖಾತ್ರಿ ಇತ್ತು. ಇಡೀ ದಿನ ಓಡಾಟ ಅನ್ನುವುದೂ ಖಾತ್ರಿ ಇತ್ತು, ಯಾಕೆಂದರೆ ರಾತ್ರಿ ಮನೆ ಸೇರುವಾಗ ಮೈಕೈಯೆಲ್ಲ ನೋವು, ಸೊಂಟ ಹಿಡಿದಿರುತ್ತಿತ್ತು, ಬಾಗಿಲು ತೆಗೆದವರೇ ಸುಸ್ತಾಗಿ ಕೂರುತ್ತಿದ್ದೆವು, ನಾನೂ ಮನೆಯವರೂ. ಇಷ್ಟು ದಣಿಯುವ ಮೈ ಇಷ್ಟು ದಪ್ಪ ಆಗುವುದು ಹೇಗೆ?

ಮೊದಲ ವಾರ ಬ್ಯಾಂಡ್ ತೋರಿಸಿದ್ದು: ಸೋಮವಾರ 2,640. ಮಂಗಳವಾರ 2,910. ಬುಧವಾರ 2,480. ಬ್ಯಾಂಡ್ ಕೆಟ್ಟಿದೆ ಅಂದುಕೊಂಡೆ. ವಾಪಸ್ ಕಳಿಸಲು ಡಬ್ಬಿಯನ್ನೂ ಹುಡುಕಿಟ್ಟೆ.

ಆಮೇಲೆ ಕೂತು ಪರೀಕ್ಷೆ ಮಾಡಿದೆ. ಬಾಯಲ್ಲಿ ಎಣಿಸುತ್ತಾ ಸರಿಯಾಗಿ 1,000 ಹೆಜ್ಜೆ ನಡೆದೆ, ಕೈ ಬೀಸಿಕೊಂಡು, ಎಂದಿನ ನಡಿಗೆಯಲ್ಲಿ. ಬ್ಯಾಂಡ್ 988 ಅಂದಿತು. ಮತ್ತೆ ನಡೆದೆ, 1,004. ಅಂದರೆ ಎಣಿಕೆ ಸರಿಯಾಗಿಯೇ ಇದೆ. ಎಲ್ಲಿ ತಪ್ಪುತ್ತದೆ ಅನ್ನುವುದನ್ನೂ ನೋಡಿದೆ, ಕೊಳ್ಳುವವರಿಗೆ ಇದು ಬೇಕಾದ ವಿಷಯ. ಒಳಗಿರುವುದು ಅಲುಗಾಟ ಗುರುತಿಸುವ ಸೆನ್ಸರ್. ಅದಕ್ಕೆ ನಿಮ್ಮ ಕಾಲು ಕಾಣುವುದಿಲ್ಲ, ಕೈ ಬೀಸುವ ಲಯದಿಂದ ಹೆಜ್ಜೆಯನ್ನು ಊಹಿಸುತ್ತದೆ. ಹಾಗಾಗಿ ಅಂಗಡಿಯಲ್ಲಿ ಟ್ರಾಲಿ ತಳ್ಳುತ್ತಾ ನಡೆದರೆ, ಮಗುವಿನ ಗಾಡಿ ತಳ್ಳಿದರೆ, ಎರಡೂ ಕೈಯಲ್ಲಿ ಭಾರದ ಚೀಲ ಹಿಡಿದರೆ ಅರ್ಧಕ್ಕರ್ಧ ಹೆಜ್ಜೆ ಕಳೆದುಹೋಗುತ್ತದೆ. ಟ್ರಾಲಿ ತಳ್ಳುತ್ತಾ 500 ನಡೆದೆ, 210 ಬಂತು. ಇನ್ನೊಂದು ಕಡೆ, ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿಯಲ್ಲಿ ಕೂತಿದ್ದಾಗ ಸುಮ್ನೆ ಐವತ್ತು ಅರವತ್ತು ಹೆಜ್ಜೆ ಸೇರಿಸಿಕೊಂಡಿದ್ದೂ ಇದೆ. ಟ್ರಾಲಿ ತಳ್ಳುವಾಗ ಬ್ಯಾಂಡ್ ಬಿಚ್ಚಿ ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಳ್ಳಿ, ಎಣಿಕೆ ಸರಿಹೋಗುತ್ತದೆ.

ಬ್ಯಾಂಡ್ ಸರಿ ಇದೆ ಅಂದಮೇಲೆ ಉಳಿದದ್ದು ನನ್ನ ದಿನ. ಈ ಆ್ಯಪ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಗಂಟೆಗಂಟೆಯ ಪಟ್ಟಿ, ಯಾವ ಗಂಟೆಯಲ್ಲಿ ಎಷ್ಟು ಹೆಜ್ಜೆ ಅಂತ ಸಣ್ಣ ಸಣ್ಣ ಕಂಬಗಳು. ಅದನ್ನು ಮೊದಲ ಸಲ ಸರಿಯಾಗಿ ನೋಡಿದ ದಿನ ನಿಜವಾಗಿ ಬೇಜಾರಾಯಿತು. ಬೆಳಿಗ್ಗೆ ಎದ್ದು ಸ್ನಾನ, ತಯಾರಿ, ಅಲ್ಲೊಂದು ಕಂಬ. ಆಮೇಲೆ ಬಾಗಿಲಿನಿಂದ ಲಿಫ್ಟಿಗೆ 22 ಹೆಜ್ಜೆ, ಲಿಫ್ಟಿನಿಂದ ಕಾರಿಗೆ 40, ಅಲ್ಲಿಂದ ಒಂದು ಗಂಟೆ ಹತ್ತು ನಿಮಿಷ ಏನೂ ಇಲ್ಲ. ಆಫೀಸಿನ ನೆಲಮಾಳಿಗೆಯಿಂದ ಲಿಫ್ಟಿಗೆ 35, ಲಿಫ್ಟಿನಿಂದ ಕುರ್ಚಿಗೆ 50. ಮಧ್ಯಾಹ್ನದ ಊಟ ಮೇಜಿಗೇ ಬರುತ್ತಿತ್ತು. ಸಂಜೆ ಅದೇ ದಾರಿ ತಿರುವುಮುರುವು. ಮನೆಗೆ ಬೇಕಾದ ಸಾಮಾನು ಬಾಗಿಲಿಗೆ, ಬಟ್ಟೆ ಬಾಗಿಲಿಗೆ, ಔಷಧ ಬಾಗಿಲಿಗೆ, ಬಿಲ್ ಕಟ್ಟುವುದು ಫೋನಿನಲ್ಲಿ, ಗೆಳೆಯರ ಮಾತು ಫೋನಿನಲ್ಲಿ. ಒಂದು ಕಾಲದಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಬೇಕಿತ್ತು ಅಲ್ವಾ? ಅದನ್ನು ಯಾರೂ ವ್ಯಾಯಾಮ ಅಂತ ಕರೆದಿರಲಿಲ್ಲ, ಹಾಗಾಗಿ ಅದು ಹೋದಾಗಲೂ ಯಾರಿಗೂ ಗೊತ್ತಾಗಲಿಲ್ಲ. ರಾತ್ರಿಯ ಸುಸ್ತು ಏನೆಂದು ಆವತ್ತು ತಿಳಿಯಿತು. ನಡೆದು ಬಂದ ದಣಿವು ಅಲ್ಲ ಅದು, ಒಂದೇ ಭಂಗಿಯಲ್ಲಿ ಕೂತು ಕೂತು ಬಂದದ್ದು.

ಈ ಸಣ್ಣಪುಟ್ಟ ಅಲುಗಾಟಕ್ಕೆ ವಿಜ್ಞಾನದಲ್ಲಿ ಒಂದು ಹೆಸರೇ ಇದೆ, ನೀಟ್ (NEAT) ಅಂತ ಕರೆಯುತ್ತಾರೆ. ನಿದ್ದೆ, ಊಟ, ಆಟ ಅಥವಾ ಜಿಮ್ ಬಿಟ್ಟು ಮಿಕ್ಕ ಎಲ್ಲ ಓಡಾಟಕ್ಕೆ ಮೈ ಖರ್ಚು ಮಾಡುವ ಶಕ್ತಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಜೇಮ್ಸ್ ಲೆವಿನ್ ಮತ್ತು ಜೊತೆಗಾರರು 16 ಜನರಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲೊರಿ ಜಾಸ್ತಿ ತಿನ್ನಿಸಿ ನೋಡಿದರು, 1999ರಲ್ಲಿ ಅದು ಪ್ರಕಟವಾಯಿತು. ಎಲ್ಲರೂ ಅಷ್ಟೇ ಜಾಸ್ತಿ ತಿಂದಿದ್ದಾರೆ, ಆದರೆ ಒಬ್ಬರಿಗೆ ಸೇರಿದ ಕೊಬ್ಬು ಅರ್ಧ ಕಿಲೋ ಕೂಡ ಇಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋ ಮೀರಿದೆ. ಯಾರ ಮೈ ತನ್ನಷ್ಟಕ್ಕೆ ಜಾಸ್ತಿ ಅಲುಗಾಡಲು ಶುರುಮಾಡಿತೋ, ಎದ್ದು ಕೂತು, ಅತ್ತಿತ್ತ ಹೋಗಿ ಬಂದು, ಅವರಿಗೆ ಕೊಬ್ಬು ಕಡಿಮೆ ಸೇರಿತ್ತು. ನಗರ ನನ್ನಿಂದ ಕಿತ್ತುಕೊಂಡಿದ್ದು ಈ ಭಾಗವನ್ನೇ. ಜಿಮ್ಮಿಗೆ ಹೋಗುತ್ತಿಲ್ಲವಲ್ಲ ಅಂತ ಆರು ವರ್ಷ ಕೊರಗಿದ್ದೆ. ಮುಂಚೆ ತೆಳ್ಳಗಿದ್ದಾಗಲೂ ನಾನು ಯಾವ ಜಿಮ್ಮಿಗೂ ಹೋಗಿದ್ದವನಲ್ಲ.

ಅಮ್ಮನ ಕೈಗೆ ಬ್ಯಾಂಡ್ ಕಟ್ಟಿದ ಕಥೆ ಹೇಳಲೇಬೇಕು. ಅಮ್ಮ ಇರುವುದು ಸಣ್ಣ ಊರಿನಲ್ಲಿ, ವಯಸ್ಸು 66. ಹೋದಾಗ ಒಂದು ವಾರ ಕಟ್ಟಿಕೊಂಡಿರು ಅಂತ ಕೊಟ್ಟೆ. "ಇದರಿಂದ ನನಗೇನು ಗೊತ್ತಾಗಬೇಕು, ನಾನೆಲ್ಲಿ ನಡೀತೀನಿ, ಮನೇಲೇ ಇರ್ತೀನಲ್ಲ" ಅಂದಳು. ವಾರದ ಸರಾಸರಿ 8,300. ಒಂದು ದಿನವೂ ವಾಕಿಂಗ್ ಅಂತ ಹೋಗಿಲ್ಲ. ಗಂಟೆಯ ಪಟ್ಟಿ ನೋಡಿದರೆ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಖಾಲಿ ಗಂಟೆಯೇ ಇಲ್ಲ, ಎಲ್ಲವೂ ಐನೂರು, ಆರುನೂರರ ಗಿಡ್ಡ ಕಂಬಗಳು. ಗಿಡಕ್ಕೆ ನೀರು, ಬಟ್ಟೆ ಒಣಹಾಕುವುದು, ಏನೋ ಒಂದು ಮುಗಿಯಿತು ಅಂತ ಅಂಗಡಿಗೆ, ಪಕ್ಕದ ಮನೆಯವರನ್ನು ಮಾತಾಡಿಸಲು, ಮತ್ತೆ ಮೇಲೆ, ಮತ್ತೆ ಕೆಳಗೆ.

ಎರಡು ತಿಂಗಳು ಬಿಟ್ಟು ಅವಳೇ ನಮ್ಮಲ್ಲಿಗೆ ಬಂದಳು, ಮೂರು ವಾರ ಇದ್ದಳು. ಅದೇ ಅಮ್ಮ, ಅದೇ ಕಾಲು, ಅದೇ ಬ್ಯಾಂಡ್. ಹನ್ನೆರಡನೇ ಮಹಡಿಯ ಮನೆಯಲ್ಲಿ ದಿನಕ್ಕೆ 1,900. ಹೊರಗೆ ಹೋಗಲು ಲಿಫ್ಟ್, ಕೆಳಗೆ ಇಳಿದರೆ ಗೇಟು, ಗೇಟು ದಾಟಿದರೆ ಆರು ಸಾಲು ಗಾಡಿ ಓಡುವ ರಸ್ತೆ, ದಾಟಲು ಜಾಗವಿಲ್ಲ. ಎರಡನೇ ವಾರಕ್ಕೆ ಕಾಲು ಜೋಮು ಹಿಡಿಯುತ್ತಿದೆ ಅಂದಳು, ನಿದ್ದೆ ಸರಿಯಾಗಿ ಬರುತ್ತಿಲ್ಲ ಅಂದಳು. "ಇಲ್ಲಿ ಕೂತ್ಕೊಳ್ಳೋದು ಬಿಟ್ಟು ಇನ್ನೇನು ಕೆಲಸ ಇಟ್ಟಿದೀಯೋ" ಅಂತ ಕೇಳಿದಳು. ನನಗೆ ಉತ್ತರ ಇರಲಿಲ್ಲ. ಅವಳೇನು ಮೂರು ವಾರದಲ್ಲಿ ಸೋಮಾರಿ ಆಗಿಬಿಟ್ಟಳಾ? ನಾನು ಆರು ವರ್ಷದಲ್ಲಿ ಆಗಿಬಿಟ್ಟೆನಾ?

ಹಾಗಂತ ಹಳ್ಳಿ, ಸಣ್ಣ ಊರು ಎಲ್ಲ ತೆಳ್ಳಗೆ, ನಗರ ಎಲ್ಲ ದಪ್ಪ ಅಂತ ಅಂದುಕೊಳ್ಳಬೇಡಿ. 1985ರಿಂದ 2017ರವರೆಗಿನ ಅಳತೆಗಳನ್ನು, 11 ಕೋಟಿಗೂ ಮೀರಿದ ಜನರ ಎತ್ತರ ಮತ್ತು ತೂಕವನ್ನು ಒಟ್ಟು ಹಾಕಿ ನೋಡಿದ ಅಧ್ಯಯನ 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಜಗತ್ತಿನಲ್ಲಿ ಎತ್ತರಕ್ಕೆ ತಕ್ಕ ತೂಕದ ಸರಾಸರಿ ಏರಿದೆಯಲ್ಲ, ಆ ಏರಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಿರುವುದು ಹಳ್ಳಿಗಾಡಿನಲ್ಲಿ. ಅಲ್ಲಿಗೂ ಯಂತ್ರ ಹೋಗಿದೆ, ಗಾಡಿ ಹೋಗಿದೆ, ಪ್ಯಾಕೆಟ್ ತಿನಿಸು ಹೋಗಿದೆ. ನಡೆಯುವ ಕಾರಣ ಎಲ್ಲಿ ಹೋಯಿತೋ ಅಲ್ಲಿ ತೂಕ ಬಂತು, ಅದು ಯಾವ ಊರಾದರೂ ಸರಿ. ನಗರದ ಒಳಗೂ ಹಾಗೆಯೇ. ಎಲ್ಲ ಬೀದಿ ಒಂದೇ ಅಲ್ಲ.

ಅದು ಗೊತ್ತಾಗಿದ್ದು ಮನೆ ಬದಲಿಸಿದಾಗ. ಎಂಟನೇ ತಿಂಗಳಿಗೆ ನಾವು ಆ ಎತ್ತರದ ಕಟ್ಟಡ ಬಿಟ್ಟು, ಅದೇ ನಗರದ ಹಳೇ ಬಡಾವಣೆಯೊಂದಕ್ಕೆ ಬಂದೆವು. ಮನೆ ಚಿಕ್ಕದು, ಎರಡನೇ ಮಹಡಿ, ಲಿಫ್ಟಿಲ್ಲ. ಆದರೆ ರಸ್ತೆಗೆ ಮರವಿದೆ, ಪಾದಚಾರಿ ದಾರಿ ಇದೆ, ಅಂಗಡಿ, ಬ್ಯಾಂಕು, ಪಾರ್ಕು, ರೈಲು ನಿಲ್ದಾಣ ಎಲ್ಲ ಹತ್ತು ಹನ್ನೆರಡು ನಿಮಿಷದ ನಡಿಗೆ. ಕಾರನ್ನು ವಾರಕ್ಕೊಮ್ಮೆ ಮುಟ್ಟುವ ಹಾಗಾಯಿತು. ಮೊದಲ ತಿಂಗಳ ಸರಾಸರಿ 6,700. ನಾನು ಏನೂ ಪಣ ತೊಟ್ಟಿರಲಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದಿರಲಿಲ್ಲ. ರೈಲು ಹಿಡಿಯಲು ನಡೆದೆ, ಅಷ್ಟೇ. ಬ್ಯಾಂಡಿನ ಎಂಟು ತಿಂಗಳ ಒತ್ತಾಯ ಕೊಡದೇ ಇದ್ದದ್ದನ್ನು ಒಂದು ವಿಳಾಸ ಕೊಟ್ಟಿತು.

ಇದು ನನ್ನೊಬ್ಬನ ಅನುಭವ ಅಲ್ಲ. ಅಮೆರಿಕದಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ಮನೆ ಬದಲಿಸಿದ 5,424 ಜನರ ಫೋನಿನ ಹೆಜ್ಜೆ ಲೆಕ್ಕವನ್ನು ನೋಡಿದ ಅಧ್ಯಯನ 2025ರಲ್ಲಿ ಬಂತು. ನಡೆಯಲು ಅಷ್ಟು ಅನುಕೂಲವಿಲ್ಲದ ಊರುಗಳಿಂದ ನ್ಯೂಯಾರ್ಕಿಗೆ ಬಂದವರು ದಿನಕ್ಕೆ ಸರಾಸರಿ 5,600ರಿಂದ 7,000 ಹೆಜ್ಜೆಗೆ ಏರಿದರು, ಅಲ್ಲಿಂದ ಬೇರೆಡೆಗೆ ಹೋದವರು ಅಷ್ಟೇ ಇಳಿದರು. ಕಾರಿನ ಬಗ್ಗೆ ಅದಕ್ಕೂ ಮುಂಚೆಯೇ, 2004ರಲ್ಲಿ, ಅಟ್ಲಾಂಟಾ ನಗರದ ಅಧ್ಯಯನವೊಂದು ಹೇಳಿತ್ತು: ದಿನಕ್ಕೆ ಕಾರಿನಲ್ಲಿ ಕೂರುವ ಒಂದೊಂದು ಗಂಟೆ ಜಾಸ್ತಿ ಆದಂತೆ ಬೊಜ್ಜಿನ ಸಾಧ್ಯತೆ ಶೇಕಡಾ 6ರಷ್ಟು ಏರುತ್ತದೆ. ನನ್ನ ಎರಡು ಗಂಟೆ ಇಪ್ಪತ್ತು ನಿಮಿಷದ ಪ್ರಯಾಣವನ್ನು ನೆನೆದು ಇದನ್ನು ಎರಡು ಸಲ ಓದಿದೆ.

ಇಲ್ಲಿ ಬ್ಯಾಂಡ್ ಮೇಲೆ ನನ್ನ ದೊಡ್ಡ ತಕರಾರು. ಹೆಜ್ಜೆ ಕಡಿಮೆ ಆದ ದಿನ ಆ್ಯಪ್ ಹೇಳುತ್ತದೆ, "ಇಂದು ನೀವು ಗುರಿ ಮುಟ್ಟಲಿಲ್ಲ, ನಾಳೆ ಇನ್ನಷ್ಟು ಪ್ರಯತ್ನಿಸಿ". ಪ್ರಯತ್ನ ಮಾಡಬೇಕಾದವರು ಯಾವಾಗಲೂ ನೀವು. ನಿಮ್ಮ ರಸ್ತೆಗೆ ಪಾದಚಾರಿ ದಾರಿ ಇದೆಯಾ, ದಾಟಲು ಜಾಗ ಇದೆಯಾ, ರಾತ್ರಿ ದೀಪ ಉರಿಯುತ್ತದಾ, ಹೆಂಗಸರು ಒಬ್ಬರೇ ನಡೆಯಬಹುದಾ, ಗಾಳಿ ಉಸಿರಾಡುವ ಹಾಗಿದೆಯಾ, ಇದ್ಯಾವುದೂ ಅದರ ಲೆಕ್ಕದಲ್ಲಿಲ್ಲ. ಹನ್ನೆರಡನೇ ಮಹಡಿಯಲ್ಲಿ ಕೂತಿದ್ದ ಅಮ್ಮನಿಗೂ ಅದು ಇದೇ ಮಾತು ಹೇಳಿತ್ತು. ಈ ಮಾತನ್ನು ನಿಲ್ಲಿಸಿಬಿಡಬಹುದು, ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅಂತ ಇರುವ ಕಡೆ. ಮೊದಲ ದಿನವೇ ನಿಲ್ಲಿಸಿ.

ಗುರಿಯ ವಿಷಯಕ್ಕೆ ಬಂದರೆ, ಡಬ್ಬಿ ತೆಗೆದ ಕೂಡಲೇ ಅದರಲ್ಲಿ ಇರುವುದು 10,000. ಈ ಅಂಕಿ ಯಾವ ವೈದ್ಯರೂ ಅಳೆದು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಯಮಾಸಾ ಅನ್ನುವ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು, ಅದಕ್ಕಿಟ್ಟ ಹೆಸರು ಮಾನ್ಪೋ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರಲು ಚೆನ್ನಾಗಿ ಕೇಳಿಸುವ ಹೆಸರು, ಅದೇ ಜಗತ್ತಿನ ಗುರಿ ಆಗಿಬಿಟ್ಟಿತು. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16,741 ಹೆಂಗಸರಿದ್ದರು, ಸರಾಸರಿ ವಯಸ್ಸು 72. ದಿನಕ್ಕೆ 2,700ರ ಹತ್ತಿರ ನಡೆಯುವವರಿಗಿಂತ 4,400ರ ಹತ್ತಿರ ನಡೆಯುವವರಲ್ಲಿ ಸಾವಿನ ಅಪಾಯ ಎದ್ದು ಕಾಣುವಷ್ಟು ಕಡಿಮೆ ಇತ್ತು, 7,500ರ ನಂತರ ಲಾಭ ಜಾಸ್ತಿ ಏರಲಿಲ್ಲ. ನೋಡಿ, 2,700 ಅಂದರೆ ಆಗಿನ ನನ್ನ ದಿನ. ಹತ್ತು ಸಾವಿರದ ಗುರಿ ಇಟ್ಟುಕೊಂಡು ದಿನಾ ಸೋಲುತ್ತಿದ್ದವನು ಗುರಿಯನ್ನು 4,500ಕ್ಕೆ ಇಳಿಸಿದೆ, ಆಮೇಲೆ 6,000 ಮಾಡಿದೆ. ಇಳಿಸಿದ ಮೇಲೇ ನಾನು ನಡೆಯಲು ಶುರುಮಾಡಿದ್ದು, ಯಾಕೆಂದರೆ ಸಂಜೆ ಆರಕ್ಕೆ 3,600 ಇದ್ದರೆ ಇನ್ನೊಂಬೈನೂರು ತಾನೇ ಅಂತ ಮನಸ್ಸು ಏಳುತ್ತದೆ. ಹತ್ತು ಸಾವಿರಕ್ಕೆ ಇನ್ನೂ 6,400 ಅಂದರೆ ಚಪ್ಪಲಿಯೇ ಹಾಕಿಕೊಳ್ಳುವುದಿಲ್ಲ.

ಈಗ ಕ್ಯಾಲೊರಿ. ಬ್ಯಾಂಡ್ ರಾತ್ರಿ ಹೊತ್ತಿಗೆ 2,450 ಕ್ಯಾಲೊರಿ ಖರ್ಚಾಗಿದೆ ಅಂತ ತೋರಿಸುತ್ತದೆ, ಒಂದೊಂದು ಅಂಕಿಯನ್ನೂ ಅಳೆದಿಟ್ಟಂತೆ. ಮೂರು ಮತ್ತು ನಾಲ್ಕನೇ ತಿಂಗಳಲ್ಲಿ ನಾನು ಅದನ್ನೇ ಇಟ್ಟುಕೊಂಡು ತಿಂದೆ. ಇವತ್ತು 400 ಜಾಸ್ತಿ ಖರ್ಚಾಗಿದೆ, ಹಾಗಾದರೆ 400 ತಿನ್ನಬಹುದು ಅನ್ನುವ ಲೆಕ್ಕ. ಎರಡು ತಿಂಗಳಿಗೆ ಒಂದೂವರೆ ಕಿಲೋ ಏರಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷೆ ಮಾಡಿದ್ದರು. ಹೃದಯದ ಬಡಿತವನ್ನು ಏಳರಲ್ಲಿ ಆರು ಚೆನ್ನಾಗಿಯೇ ಅಳೆದಿದ್ದವು, ತಪ್ಪು ಶೇಕಡಾ 5ರ ಒಳಗೆ. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೂ ಶೇಕಡಾ 27ರಷ್ಟು ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93ರಷ್ಟು. ಇದನ್ನು ಮೊದಲೇ ಓದಿದ್ದರೆ ಚೆನ್ನಾಗಿತ್ತು. ನಿಮಗೆ ಲೆಕ್ಕ ಬೇಕೇ ಬೇಕು ಅಂದರೆ ಒಂದನ್ನು ನೆನಪಿಡಿ: 70 ಕಿಲೋ ತೂಗುವವರು ನಾಲ್ಕು ಕಿಲೋಮೀಟರ್ ನಡೆದರೆ ಖರ್ಚಾಗುವುದು 200 ಕ್ಯಾಲೊರಿಯ ಆಸುಪಾಸು. ನಾಲ್ಕು ತುತ್ತು ಜಾಸ್ತಿ ತಿಂದರೆ ಅದು ತೀರಿಹೋಯಿತು.

ಬ್ಯಾಂಡ್ ಕಟ್ಟಿದರೆ ತೂಕ ಇಳಿಯುತ್ತದಾ ಅನ್ನುವುದನ್ನು ಬೇರೆಯವರು ನೋಡಿಯೂ ಆಗಿದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 18ರಿಂದ 35 ವಯಸ್ಸಿನ ಸುಮಾರು 470 ಜನರನ್ನು ಎರಡು ವರ್ಷ ಗಮನಿಸಿದರು, 2016ರಲ್ಲಿ ಫಲಿತಾಂಶ ಬಂತು. ಎಲ್ಲರಿಗೂ ಊಟ, ಓಡಾಟದ ಬಗ್ಗೆ ಸಲಹೆ ಇತ್ತು, ಅರ್ಧ ಜನರಿಗೆ ಮಾತ್ರ ಮೈಗೆ ಕಟ್ಟುವ ಸಾಧನ ಕೊಟ್ಟರು. ಸಾಧನ ಇದ್ದವರು ಸರಾಸರಿ 3.5 ಕಿಲೋ ಇಳಿದರು, ಇಲ್ಲದವರು 5.9 ಕಿಲೋ. ನನ್ನದು ಹೇಳಬೇಕೆಂದರೆ ವರ್ಷದ ಕೊನೆಗೆ 4 ಕಿಲೋ ಇಳಿದಿದ್ದೇನೆ. ಅದರಲ್ಲಿ ಮೂರು ಇಳಿದದ್ದು ಮನೆ ಬದಲಿಸಿದ ಮೇಲಿನ ನಾಲ್ಕು ತಿಂಗಳಲ್ಲಿ, ರಾತ್ರಿ ಊಟವನ್ನು ಹತ್ತೂವರೆಯಿಂದ ಎಂಟಕ್ಕೆ ತಂದದ್ದೂ ಆಗಲೇ. ಪ್ರಯಾಣದ ಸಮಯ ಉಳಿದಿದ್ದರಿಂದ ಅದು ಆಯಿತು. ತೂಕದ ಮಾತು ಪಕ್ಕಕ್ಕಿಡಿ, ಸೊಂಟದ ನೋವು ಹೋಗಿದೆ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದಿಲ್ಲ, ಮಲಗಿದರೆ ನಿದ್ದೆ ಬರುತ್ತದೆ. ಇಷ್ಟಕ್ಕೇ ನನಗೆ ತುಂಬಾ ಸಂತೋಷವಿದೆ.

ಮೆಟ್ಟಿಲು ಅಂದಾಗ ನೆನಪಾಯಿತು, ನನ್ನ ಬ್ಯಾಂಡಿನ ದೊಡ್ಡ ಕೊರತೆ ಅದೇ. ಮಹಡಿ ಎಣಿಸುವುದಿಲ್ಲ. ಅದಕ್ಕೆ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಸೆನ್ಸರ್ ಬೇಕು, ಕಡಿಮೆ ಬೆಲೆಯ ಬ್ಯಾಂಡುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಹಾಗಾಗಿ ಎರಡು ಮಹಡಿ ಏದುಸಿರು ಬಿಡುತ್ತಾ ಹತ್ತಿದರೂ ಬ್ಯಾಂಡಿಗೆ ಅದು ನಲವತ್ತು ಹೆಜ್ಜೆ, ಸಮತಟ್ಟಾದ ನೆಲದಲ್ಲಿ ನಡೆದ ನಲವತ್ತು ಹೆಜ್ಜೆಯಂತೆಯೇ. ನಗರದಲ್ಲಿ ಬದುಕುವವರಿಗೆ ಮೆಟ್ಟಿಲಿಗಿಂತ ಹತ್ತಿರದ ವ್ಯಾಯಾಮ ಇನ್ನೇನಿದೆ ಹೇಳಿ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಅಧ್ಯಯನ 1953ರಷ್ಟು ಹಳೆಯದು, ಜೆರ್ರಿ ಮಾರಿಸ್ ಅನ್ನುವ ವೈದ್ಯರದು. ದಿನವಿಡೀ ಕೂತಿರುವ ಚಾಲಕರಿಗೂ, ಮೇಲೆ ಕೆಳಗೆ ನೂರಾರು ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೂ ಹೋಲಿಸಿ ನೋಡಿದರು. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ಅಷ್ಟು ಮಾರಕವಾಗಿರಲಿಲ್ಲ. ಆಮೇಲೆ 1956ರಲ್ಲಿ ಅವರು ಸಮವಸ್ತ್ರ ಹೊಲಿಯುವವರ ಅಳತೆ ಪುಸ್ತಕವನ್ನೂ ನೋಡಿದರು, ಚಾಲಕರ ಪ್ಯಾಂಟಿನ ಸೊಂಟ ಎಲ್ಲ ವಯಸ್ಸಿನಲ್ಲೂ ಅಗಲವಿತ್ತು. ಅಗಲ ಸೊಂಟದವರೇ ಮೊದಲಿಂದ ಚಾಲಕರಾಗಿ ಸೇರುತ್ತಿದ್ದರಾ ಅನ್ನುವ ಪ್ರಶ್ನೆಯೂ ಅಲ್ಲಿಂದ ಎದ್ದಿತು, ಅದೂ ನ್ಯಾಯವಾದ ಪ್ರಶ್ನೆಯೇ. ಆದರೂ ಒಂದೇ ಬಸ್ಸು, ಒಂದೇ ನಗರ, ಒಬ್ಬರು ಕೂತೇ ಇರುತ್ತಾರೆ, ಇನ್ನೊಬ್ಬರು ಹತ್ತಿ ಇಳಿಯುತ್ತಾರೆ. ನಮ್ಮ ಆಫೀಸಿನಲ್ಲಿ ಮೆಟ್ಟಿಲಿನ ಬಾಗಿಲಿಗೆ ಬೀಗ ಇತ್ತು. ನಾಲ್ಕು ಜನ ಸೇರಿ ಕೇಳಿದ ಮೇಲೆ ತೆಗೆದರು.

ಗಂಟೆಗೊಮ್ಮೆ ನಡುಗಿ "ಏಳಿ" ಅನ್ನುವುದು ಇದೆಯಲ್ಲ, ಆಫೀಸಿನಲ್ಲಿ ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಏಳುತ್ತೇನೆ, ನೀರು ತರುತ್ತೇನೆ, ಸಣ್ಣ ಬಾಟಲಿ ಇಟ್ಟುಕೊಂಡಿದ್ದೇನೆ, ಬೇಗ ಖಾಲಿಯಾಗಲಿ ಅಂತ. ಫೋನ್ ಬಂದರೆ ನಿಂತು ಮಾತಾಡುತ್ತೇನೆ. ಎರಡೆರಡು ನಿಮಿಷದ ನಡಿಗೆಯಿಂದ ಏನಾಗುತ್ತದೆ ಅಂತ ಮುಂಚೆ ಅನ್ನಿಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಏನೆಂದರೆ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಬೇಕು. ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಲೇಬೇಕು ಅನ್ನುವ ಹಳೇ ಷರತ್ತನ್ನು ಆಗ ಕೈಬಿಟ್ಟರು. ಸಣ್ಣ ಸಣ್ಣದೂ ಸೇರುತ್ತದೆ. ಆದರೆ ಕಾರು ಟ್ರಾಫಿಕ್ಕಿನಲ್ಲಿ ನಿಂತಿರುವಾಗ ಕೈ ನಡುಗಿದರೆ ತುಂಬಾ ಹಿಂಸೆಯಾಗುತ್ತದೆ, ಪ್ರಯಾಣದ ಸಮಯಕ್ಕೆ ಅದನ್ನು ನಿಲ್ಲಿಸಿಡುವ ಅನುಕೂಲ ಇದರಲ್ಲಿ ಇದೆ, ಹುಡುಕಿ ಹಾಕಿಕೊಳ್ಳಿ.

ಮಿಕ್ಕದ್ದು ಬೇಗ ಹೇಳುತ್ತೇನೆ. ಬ್ಯಾಟರಿ ಹನ್ನೊಂದು ದಿನ ಬರುತ್ತಿತ್ತು, ವರ್ಷದ ಮೇಲೆ ಎಂಟಕ್ಕೆ ಇಳಿದಿದೆ. ನಿದ್ದೆಯ ಲೆಕ್ಕದಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು ಸರಿ ಇರುತ್ತದೆ, ಗಾಢ ನಿದ್ದೆ ಇಷ್ಟು ಅಂತ ತೋರಿಸುವುದನ್ನು ನಾನು ನೋಡುವುದೇ ಇಲ್ಲ. ಪಟ್ಟಿಯ ಕೆಳಗೆ ಬೆವರು ನಿಂತು ಎರಡನೇ ತಿಂಗಳಲ್ಲಿ ಕೈ ಕೆಂಪಾಗಿ ತುರಿಸಿತು, ಸ್ನಾನದ ನಂತರ ಪಟ್ಟಿ ಒರೆಸಿ, ಕೆಲವು ರಾತ್ರಿ ಬಿಚ್ಚಿಟ್ಟು, ಬೆರಳು ತೂರುವಷ್ಟು ಸಡಿಲ ಕಟ್ಟಿದ ಮೇಲೆ ಸರಿಹೋಯಿತು. ಹತ್ತನೇ ತಿಂಗಳಲ್ಲಿ ಪಟ್ಟಿಯ ಕೊಂಡಿ ಮುರಿಯಿತು. ಸರ್ವಿಸ್‌ನವರು ಪಟ್ಟಿಗೆ ಗ್ಯಾರಂಟಿ ಇಲ್ಲ ಅಂದರು, ನಾಲ್ಕು ಸಲ ಫೋನ್ ಮಾಡಿದರೂ ಅದೇ ಉತ್ತರ. ಕೊಳ್ಳುವ ಮುಂಚೆ ಗ್ಯಾರಂಟಿಯಲ್ಲಿ ಪಟ್ಟಿ ಸೇರಿದೆಯಾ ಅಂತ ಓದಿಕೊಳ್ಳಿ.

ಯಾರಿಗೆ ಬೇಡ ಅಂದರೆ, ಅಂಕಿ ನೋಡಿದರೆ ಗಾಬರಿ ಆಗುವವರಿಗೆ, ಊಟದ ಬಗ್ಗೆ ಮೊದಲೇ ಭಯ ಇಟ್ಟುಕೊಂಡಿರುವವರಿಗೆ ದಯವಿಟ್ಟು ಬೇಡ. ನನ್ನ ತಂಗಿ ಎರಡು ವಾರ ಕಟ್ಟಿ ಬಿಚ್ಚಿಟ್ಟಳು, ರಾತ್ರಿ ಹನ್ನೊಂದಕ್ಕೆ ಮನೆಯ ಹಾಲ್‌ನಲ್ಲಿ ಸುತ್ತು ಹಾಕಿ ಅಂಕಿ ಮುಟ್ಟಿಸುತ್ತಿದ್ದಳು, ಬಿಚ್ಚಿದ್ದು ಒಳ್ಳೆಯದಾಯಿತು. ಸುಮ್ನೆ ಒಂದು ಅಂದಾಜು ಸಾಕು ಅನ್ನುವವರಿಗೂ ಬೇಡ, ನಿಮ್ಮ ಫೋನೇ ಹೆಜ್ಜೆ ಎಣಿಸುತ್ತದೆ, ಜೇಬಿನಲ್ಲಿ ಇದ್ದರೆ ಸಾಕು.

ಬೇಕು ಅನ್ನುವವರು ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ. ಇರುವ ಹಾಗೇ ಇರಿ, ಗಂಟೆಯ ಪಟ್ಟಿಯನ್ನು ಮಾತ್ರ ನೋಡಿ. ಯಾವ ಗಂಟೆ ಖಾಲಿ ಇದೆ, ಅದು ನಿಮ್ಮಿಂದ ಖಾಲಿಯಾದದ್ದಾ, ರಸ್ತೆಯಿಂದಾ, ಕೆಲಸದಿಂದಾ, ಕಟ್ಟಡದಿಂದಾ. ಮನೆ ಹುಡುಕುತ್ತಿದ್ದರೆ ಬ್ಯಾಂಡ್ ಕಟ್ಟಿಕೊಂಡೇ ಹೋಗಿ, ಆ ಮನೆಯಿಂದ ಅಂಗಡಿಗೆ, ನಿಲ್ದಾಣಕ್ಕೆ ಒಮ್ಮೆ ನಡೆದು ನೋಡಿ. ನಾವು ಈಗಿನ ಮನೆಯನ್ನು ಹಾಗೇ ಆರಿಸಿದ್ದು, ನಿಲ್ದಾಣಕ್ಕೆ 1,150 ಹೆಜ್ಜೆ, ಮಧ್ಯೆ ಎರಡು ಕಡೆ ಮಾತ್ರ ರಸ್ತೆಗೆ ಇಳಿಯಬೇಕು.

ಅಮ್ಮ ಈ ತಿಂಗಳು ಮತ್ತೆ ಬಂದಿದ್ದಾಳೆ. ನನ್ನ ಬ್ಯಾಂಡ್ ಅವಳ ಕೈಯಲ್ಲಿದೆ, ಹೊಸ ಪಟ್ಟಿ ಹಾಕಿಸಿದ್ದೇನೆ. ನಿನ್ನೆ 6,900. ಬೆಳಿಗ್ಗೆ ಪಾರ್ಕಿನಲ್ಲಿ ಯಾರೋ ಗೆಳತಿ ಆಗಿದ್ದಾರಂತೆ, ಸಂಜೆ ಅವರ ಮನೆಗೆ ಹೋಗಿ ಬಂದಿದ್ದಾಳೆ, ಎರಡು ಬೀದಿ ಆಚೆ. ನನಗೆ ಇನ್ನೊಂದು ಬ್ಯಾಂಡ್ ಬೇಕು, ಈ ಸಲ ಮಹಡಿ ಎಣಿಸುವಂಥದ್ದು. ಯಾರಾದರೂ ಬ್ಯಾರೋಮೀಟರ್ ಇರುವುದನ್ನು ಆರು ತಿಂಗಳಾದರೂ ಬಳಸಿದ್ದರೆ ಹೇಗಿದೆ ಹೇಳಿ, ಮೆಟ್ಟಿಲಿನ ಎಣಿಕೆ ಸರಿ ಬರುತ್ತದಾ, ಪಟ್ಟಿ ಎಷ್ಟು ದಿನ ಬಾಳುತ್ತದೆ ಅನ್ನುವುದನ್ನೂ.